ವಂಶವೃಕ್ಷದಲ್ಲಿ ಬರೀ ‘ಮೃತ’ ಎಂದಿರುವ ಆ ಹೆಸರು

ಆಸ್ತಿ ಭಾಗ ಆಗುವ ಹೊತ್ತಿಗೆ ನಾಡಕಚೇರಿಗೆ ಅಲೆದು ವಂಶವೃಕ್ಷ ಮಾಡಿಸಿದವರಿಗೆ ಇದು ಗೊತ್ತಿರುತ್ತದೆ. ಮೇಲೆ ಮುತ್ತಾತನ ಹೆಸರು. ಕೆಳಗೆ ನಾಲ್ಕೈದು ಮಕ್ಕಳು. ಒಬ್ಬೊಬ್ಬರ ಕೆಳಗೂ ಮತ್ತೆ ಮಕ್ಕಳು, ಮೊಮ್ಮಕ್ಕಳು. ಕೆಲವು ಮನೆಗಳ ವಂಶವೃಕ್ಷದಲ್ಲಿ ಒಂದು ಹೆಸರಿನ ಕೆಳಗೆ ಮಾತ್ರ ಏನೂ ಇರುವುದಿಲ್ಲ. ಪಕ್ಕದಲ್ಲಿ ‘ಮೃತ, ಸಂತಾನ ಇಲ್ಲ’ ಎಂದು ಬರೆದು ಬಿಟ್ಟಿರುತ್ತಾರೆ. ಯಾರಿವರು ಅಂತ ಕೇಳಿದರೆ ಹಿರಿಯರೊಬ್ಬರು ಹೇಳುತ್ತಾರೆ: “ಅವರು ಮಿಲಿಟ್ರಿಗೆ ಹೋದೋರು. ವಾಪಸ್ ಬರ್ಲಿಲ್ಲ.”

ಅಲ್ಲಿಗೆ ಮಾತು ನಿಲ್ಲುತ್ತದೆ. ಯಾವ ಯುದ್ಧ, ಯಾವ ಪಲ್ಟನ್ (ಸೇನೆಯ ತುಕಡಿ), ಎಲ್ಲಿ ತೀರಿಕೊಂಡರು, ಯಾರಿಗೂ ಗೊತ್ತಿಲ್ಲ. ಸಾಮಾನ್ಯವಾಗಿ ಇಂಥದ್ದನ್ನು ಹುಡುಕುವವರು ಮಕ್ಕಳು, ಮೊಮ್ಮಕ್ಕಳು. ಆದರೆ ಇಪ್ಪತ್ತು ಇಪ್ಪತ್ತೆರಡರ ಹುಡುಗ ಮದುವೆ ಆಗುವ ಮೊದಲೇ ಸತ್ತರೆ ಅವನಿಗೆ ಮೊಮ್ಮಕ್ಕಳು ಎಲ್ಲಿಂದ ಬರಬೇಕು? ಅವನನ್ನು ಹುಡುಕುವ ಕೆಲಸ ಅಣ್ಣತಮ್ಮಂದಿರ, ಅಕ್ಕತಂಗಿಯರ ಮೊಮ್ಮಕ್ಕಳದು. ಅಂದರೆ ನಮ್ಮದು. ಆ ಖಾಲಿ ಜಾಗವನ್ನು ಹೇಗೆ ತುಂಬಬಹುದು ಅಂತ ಇಲ್ಲಿ ಹೇಳುತ್ತೇನೆ.

ಮೊದಲು ಲೆಕ್ಕ ನೋಡೋಣ. 1914ರಿಂದ 1918ರ ಮಹಾಯುದ್ಧದಲ್ಲಿ ಅವಿಭಜಿತ ಭಾರತದ 13 ಲಕ್ಷಕ್ಕೂ ಹೆಚ್ಚು ಜನ ಸೇವೆ ಮಾಡಿದರು. ಸುಮಾರು 74 ಸಾವಿರ ಜನ ಸತ್ತರು. ಎರಡನೇ ಮಹಾಯುದ್ಧದಲ್ಲಿ ಸುಮಾರು 25 ಲಕ್ಷ ಜನ ಹೋದರು, ಸುಮಾರು 87 ಸಾವಿರ ಜನ ಸತ್ತರು. ಈ ಎಲ್ಲರ ಹೆಸರು ದೆಹಲಿಯ ಇಂಡಿಯಾ ಗೇಟ್ ಮೇಲೆ ಇದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಇಲ್ಲ. ಅದು ಮೊದಲ ಯುದ್ಧ ಮತ್ತು 1919ರ ಆಫ್ಘನ್ ಯುದ್ಧದ ಸ್ಮಾರಕ. ಅದರ ಮೇಲೆ ಕೆತ್ತಿರುವುದು 13 ಸಾವಿರ ಚಿಲ್ಲರೆ ಹೆಸರು ಮಾತ್ರ. ಉಳಿದವರ ಹೆಸರುಗಳು ಫ್ರಾನ್ಸ್, ಇರಾಕ್, ಈಜಿಪ್ಟ್, ಪೂರ್ವ ಆಫ್ರಿಕಾ, ಸಿಂಗಪುರ, ಮ್ಯಾನ್ಮಾರ್ ಅಂತ ಜಗತ್ತಿನ ತುಂಬ ಚೆಲ್ಲಿಹೋಗಿವೆ.

ದೇಶದ ಹಲವು ಹಳ್ಳಿಗಳಲ್ಲಿ ಆ ಕಾಲದ ಒಂದು ಬಗೆಯ ಕಲ್ಲುಫಲಕ ಕಾಣುತ್ತದೆ. ‘ಈ ಊರಿನಿಂದ ಇಷ್ಟು ಜನ ಮಹಾಯುದ್ಧಕ್ಕೆ ಹೋದರು, ಅವರಲ್ಲಿ ಇಷ್ಟು ಜನ ಪ್ರಾಣ ಕೊಟ್ಟರು’ ಅಂತ ಅದರ ಮೇಲೆ ಇರುತ್ತದೆ. ಸಂಖ್ಯೆ ಇರುತ್ತದೆ, ಹೆಸರು ಇರುವುದಿಲ್ಲ. ನಮ್ಮ ನಾಡಿನ ವೀರಗಲ್ಲುಗಳನ್ನು ನೆನೆದರೆ ಈ ಫಲಕ ನೋಡಿ ನೋವಾಗುತ್ತದೆ. ಸಾವಿರ ವರ್ಷದ ಹಿಂದೆ ದನ ಬಿಡಿಸಲು ಹೋಗಿ ಸತ್ತವನಿಗೂ ಊರಿನವರು ಕಲ್ಲು ನೆಟ್ಟು, ಇಂಥವನ ಮಗ ಇಂಥವನು, ಇಂಥ ಕಾಳಗದಲ್ಲಿ ಮಡಿದ ಅಂತ ಬರೆಸುತ್ತಿದ್ದರು. ‘ಬೆಂಗಳೂರು’ ಎಂಬ ಹೆಸರು ಅಷ್ಟು ಹಳೆಯದು ಅಂತ ನಮಗೆ ಗೊತ್ತಾಗಿದ್ದೂ ಬೇಗೂರಿನ ಅಂಥ ಒಂದು ಕಲ್ಲಿನಿಂದ. ಬೆಂಗಳೂರು ಕಾಳಗದಲ್ಲಿ ಸತ್ತವನೊಬ್ಬನ ನೆನಪಿಗೆ ನೆಟ್ಟ ಕಲ್ಲು ಅದು.

ಊರು ಆಗ ಯಾರ ಕೈಯಲ್ಲಿತ್ತು?

ಹುಡುಕಾಟ ಶುರು ಮಾಡುವ ಮೊದಲು ಈ ಪ್ರಶ್ನೆಗೆ ಉತ್ತರ ಬೇಕು. ಪಂಜಾಬಿನ ಕುಟುಂಬಗಳಿಗೆ ಒಂದು ಅನುಕೂಲ ಇದೆ. ಮೊದಲ ಯುದ್ಧಕ್ಕೆ ಹೋದ ಅಲ್ಲಿನ ಸುಮಾರು 3.2 ಲಕ್ಷ ಜನರ ವಿವರವನ್ನು ಹಳ್ಳಿಹಳ್ಳಿಯಂತೆ ಬರೆದಿಟ್ಟ ದಾಖಲೆ ಪುಸ್ತಕಗಳು ಲಾಹೋರ್ ವಸ್ತುಸಂಗ್ರಹಾಲಯದಲ್ಲಿ ಉಳಿದಿದ್ದವು. 2021ರಿಂದ ಅವನ್ನು ಇಂಟರ್ನೆಟ್ಟಿಗೆ ಹಾಕುತ್ತಾ ಬಂದಿದ್ದಾರೆ. ನಮ್ಮ ಕಡೆ ಹಾಗೆ ಒಂದೇ ಕಡೆ ನೋಡಿ ಮುಗಿಸಲು ಆಗುವುದಿಲ್ಲ. ಯಾಕೆಂದರೆ ಆಗ ಕರ್ನಾಟಕ ಅನ್ನುವುದು ಒಂದಾಗಿರಲಿಲ್ಲ.

ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡ ಮುಂಬೈ ಪ್ರಾಂತ್ಯದಲ್ಲಿದ್ದವು. ಬಳ್ಳಾರಿ, ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿದ್ದವು. ಬೀದರ್, ಕಲಬುರಗಿ, ರಾಯಚೂರು ನಿಜಾಮರ ಕೈಯಲ್ಲಿ. ಕೊಡಗು ಬೇರೆಯೇ ಪ್ರಾಂತ್ಯ. ಮಧ್ಯದಲ್ಲಿ ಮೈಸೂರು ಸಂಸ್ಥಾನ. ಜಮಖಂಡಿ, ಮುಧೋಳ, ಸಂಡೂರಿನಂಥ ಸಣ್ಣ ಸಂಸ್ಥಾನಗಳು ಬೇರೆ. ಹುಡುಗ ಯಾವ ಪಲ್ಟನ್ನಿಗೆ ಸೇರಿದ ಅನ್ನುವುದು ಬಹಳ ಮಟ್ಟಿಗೆ ಇದರ ಮೇಲೆ ನಿಂತಿತ್ತು. ಅವನ ಕಾಗದಪತ್ರ ಈಗ ಎಲ್ಲಿದೆ ಅನ್ನುವುದೂ ಅಷ್ಟೇ.

ಬೆಳಗಾವಿ ಸೀಮೆಯಾದರೆ ಮೊದಲು ಮರಾಠಾ ಪಲ್ಟನ್ನುಗಳನ್ನು ನೋಡಿ. 103, 110 ಮತ್ತು 117ನೇ ಮರಾಠಾ ಪಲ್ಟನ್ನುಗಳು ಇರಾಕಿನ ಕುಟ್ ಪಟ್ಟಣದಲ್ಲಿ ಮುತ್ತಿಗೆಗೆ ಸಿಕ್ಕಿದ್ದವು. 147 ದಿನ ಹಸಿವಿನಲ್ಲಿ ಕಳೆದು, 1916ರ ಏಪ್ರಿಲ್ 29ರಂದು ಅಲ್ಲಿದ್ದ ಸುಮಾರು 13 ಸಾವಿರ ಜನ ತುರ್ಕಿ ಸೇನೆಗೆ ಶರಣಾದರು. ಸೆರೆಯಾದವರಲ್ಲಿ ಎಷ್ಟೋ ಜನ ಮರುಭೂಮಿಯ ನಡಿಗೆಯಲ್ಲಿ, ಶಿಬಿರಗಳಲ್ಲಿ ಸತ್ತರು. ಬೆಂಗಳೂರು ದಂಡು ಪ್ರದೇಶದವರಾದರೆ ಸೇನೆಗೆ ರಸ್ತೆ, ಸೇತುವೆ ಕಟ್ಟುವ ಮದ್ರಾಸ್ ಸ್ಯಾಪರ್ಸ್ ಅಥವಾ ಪಯನೀರ್ಸ್ ಪಲ್ಟನ್ ಇರಬಹುದು.

ಮೈಸೂರು ಸಂಸ್ಥಾನದವರದು ಬೇರೆ ಕಥೆ. ಮೈಸೂರು ಲ್ಯಾನ್ಸರ್ಸ್ ಬ್ರಿಟಿಷ್ ಇಂಡಿಯಾ ಸೇನೆಯ ತುಕಡಿ ಅಲ್ಲ, ಮಹಾರಾಜರ ಸ್ವಂತ ಕುದುರೆ ಪಡೆ. 1914ರಲ್ಲೇ ಈಜಿಪ್ಟಿಗೆ ಹೋಗಿ ಸುಯೆಜ್ ಕಾಲುವೆ ಕಾದರು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರ ಜೊತೆ ಈಗಿನ ಇಸ್ರೇಲಿನ ಹೈಫಾ ಪಟ್ಟಣ ಗೆದ್ದರು. ಮೆಷಿನ್‌ಗನ್ನುಗಳ ಎದುರು ಈಟಿ ಹಿಡಿದು ಕುದುರೆ ಓಡಿಸಿದ ದಿನ ಅದು. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತ ಮೂರು ವಿಗ್ರಹಗಳು ಮೈಸೂರು, ಜೋಧಪುರ, ಹೈದರಾಬಾದ್ ಪಡೆಗಳವು. ಬೆಂಗಳೂರಿನ ಜೆ.ಸಿ. ನಗರದ ಕಡೆಯೂ ಲ್ಯಾನ್ಸರ್ಸ್ ಸ್ಮಾರಕ ಇದೆ. ಇವರ ಸಂಬಳ, ಪಿಂಚಣಿ ನೋಡಿಕೊಂಡಿದ್ದು ಸಂಸ್ಥಾನ. ಹಾಗಾಗಿ ಲಂಡನ್ನಿನ ದಾಖಲೆಗಳಿಗಿಂತ ಮೊದಲು ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರದಲ್ಲಿ ಮೈಸೂರು ಸರ್ಕಾರದ ಕಡತಗಳನ್ನು ಕೇಳುವುದು ಒಳ್ಳೆಯದು.

ಟ್ರಂಕಿನಲ್ಲಿ ಏನಿದೆ?

ಸರ್ಕಾರಿ ದಾಖಲೆಗಳಿಗೆ ಹೋಗುವ ಮೊದಲು ಮನೆಯನ್ನು ಜಾಲಾಡಿ. ಇದು ಹೇಳುವ ಮಾತಿಗೆ ಹೇಳುತ್ತಿಲ್ಲ. ‘ಮುನಿಯಪ್ಪ, ಸಿಪಾಯಿ’ ಅಂತ ಹುಡುಕಿದರೆ ಒಂದೇ ಥರದ ಹೆಸರುಗಳ ರಾಶಿಯೇ ಬೀಳುತ್ತದೆ. ಅದರಲ್ಲಿ ನಿಮ್ಮ ಮುನಿಯಪ್ಪ ಯಾರು ಅಂತ ಹೇಳಬಲ್ಲದ್ದು ಒಂದೇ, ಅವರ ರೆಜಿಮೆಂಟ್ ನಂಬರ್. ಆ ನಂಬರ್ ಹೆಚ್ಚಾಗಿ ಸಿಗುವುದು ಮನೆಯಲ್ಲೇ.

ಪದಕ ಇದ್ದರೆ ಅದರ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಮೊದಲ ಯುದ್ಧದ ಪದಕಗಳ ಅಂಚಿನಲ್ಲಿ ನಂಬರ್, ದರ್ಜೆ, ಹೆಸರು, ಪಲ್ಟನ್ ಕೊರೆದಿರುತ್ತದೆ. ಎರಡನೇ ಯುದ್ಧದ ನಕ್ಷತ್ರದಾಕಾರದ ಪದಕಗಳನ್ನು ಬ್ರಿಟಿಷ್ ಸೈನಿಕರಿಗೆ ಹೆಸರಿಲ್ಲದೆ ಕೊಟ್ಟರು. ಆದರೆ ಭಾರತೀಯ ಸೈನಿಕರಿಗೆ ಕೊಟ್ಟವುಗಳ ಹಿಂಭಾಗದಲ್ಲಿ ಹೆಸರು ಇರುತ್ತದೆ. ದಯವಿಟ್ಟು ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಹೊಳಪು ಬರುತ್ತದೆ, ಅಕ್ಷರ ಹೋಗುತ್ತದೆ. ಯಾವ ಪದಕ ಅನ್ನುವುದೂ ಕಥೆ ಹೇಳುತ್ತದೆ. ಬರ್ಮಾ ಸ್ಟಾರ್ ಇದ್ದರೆ ಜಪಾನೀಯರ ಎದುರು, ಆಫ್ರಿಕಾ ಸ್ಟಾರ್ ಇದ್ದರೆ ಉತ್ತರ ಅಥವಾ ಪೂರ್ವ ಆಫ್ರಿಕಾದ ಕಡೆ. ಮೊದಲ ಯುದ್ಧದ ಬ್ರಿಟಿಷ್ ವಾರ್ ಮೆಡಲ್ ಬೆಳ್ಳಿಯದು. ಅದು ಕಂಚಿನದಾಗಿದ್ದರೆ? ಆಗ ಅವರು ಬಂದೂಕು ಹಿಡಿದವರಲ್ಲ, ಕೂಲಿ ದಳದಂಥ ಕಡೆ ದುಡಿದವರು. ರೈಲು ಹಳಿ ಹಾಕಿದವರು, ಹಡಗಿನಿಂದ ಮೂಟೆ ಇಳಿಸಿದವರು.

ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಇಂಥವರನ್ನು ಮನೆಯವರೇ ಮರೆತುಬಿಡುತ್ತಾರೆ. ಅಡುಗೆಯವರು, ನೀರು ಹೊರುವ ಭಿಸ್ತಿಗಳು, ಧೋಬಿಗಳು, ಕುದುರೆ ನೋಡುವವರು ಲಕ್ಷಗಟ್ಟಲೆ ಹೋಗಿದ್ದರು. ದಾಖಲೆಗಳಲ್ಲಿ ಇವರನ್ನು ‘ಫಾಲೋವರ್’ ಎನ್ನುತ್ತಾರೆ. ಸತ್ತಾಗ ಇವರೂ ಯುದ್ಧದಲ್ಲಿ ಸತ್ತವರೇ. ಸಿಪಾಯಿಗಳ ಸಾಲಿನಲ್ಲೇ ಇವರ ಹೆಸರೂ ಇರುತ್ತದೆ. ‘ಡ್ರೈವರ್’ ಅಂತ ಕಂಡರೆ ಲಾರಿ ಓಡಿಸಿದವರು ಅಂದುಕೊಳ್ಳಬೇಡಿ. 1916ರಲ್ಲಿ ಅದರ ಅರ್ಥ ಹೆಚ್ಚಾಗಿ ಹೇಸರಗತ್ತೆ ನಡೆಸುವವರು.

ಅಂಗೈಗಿಂತ ದೊಡ್ಡದಾದ, ಸುಮಾರು 12 ಸೆಂಟಿಮೀಟರ್ ಅಗಲದ ಕಂಚಿನ ಬಿಲ್ಲೆ ಸಿಕ್ಕರೆ ಅದು ಮೊದಲ ಯುದ್ಧದಲ್ಲಿ ಸತ್ತವರ ಮನೆಗೆ ಕಳಿಸಿದ ನೆನಪಿನ ಫಲಕ. ಹೆಂಗಸೊಬ್ಬಳು ಹಾರ ಹಿಡಿದು ನಿಂತಿರುತ್ತಾಳೆ, ಕಾಲ ಬಳಿ ಸಿಂಹ. ಸತ್ತವರ ಹೆಸರು ಅದರ ಮೇಲೆ ಉಬ್ಬಿಕೊಂಡಿರುತ್ತದೆ. ದರ್ಜೆ ಬರೆಯಲಿಲ್ಲ, ಸಾವಿನಲ್ಲಿ ಎಲ್ಲರೂ ಸಮ ಅಂತ.

ಇನ್ನು ಕಾಗದಗಳು. ಡಿಸ್ಚಾರ್ಜ್ ಪುಸ್ತಕ ಇದ್ದರೆ ನೀವು ಅದೃಷ್ಟವಂತರು. ಸೇರಿದ ದಿನ, ಊರು, ತಾಲ್ಲೂಕು, ಮೈಮೇಲಿನ ಮಚ್ಚೆ, ಹೋದ ದೇಶಗಳು ಎಲ್ಲಾ ಅದರಲ್ಲಿರುತ್ತವೆ. ಪಿಂಚಣಿ ಪುಸ್ತಕ, ಮನಿಯಾರ್ಡರ್ ಚೂರು, ಹಳೆಯ ಅಂಚೆ ಕಾರ್ಡು, ಯಾವುದನ್ನೂ ಬಿಸಾಡಬೇಡಿ. ಫೋಟೋ ಇದ್ದರೆ ಚೌಕಟ್ಟಿನಿಂದ ಬಿಚ್ಚಿ ಹಿಂಭಾಗ ನೋಡಿ. ಸ್ಟುಡಿಯೋ ಮುದ್ರೆ ಇರಬಹುದು. ಭುಜದ ಮೇಲಿನ ಲೋಹದ ಅಕ್ಷರಗಳನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ಓದಿ. ತಲೆಯುಡುಗೆಯೂ ಗುರುತು ಕೊಡುತ್ತದೆ. ಮದ್ರಾಸ್ ಸ್ಯಾಪರ್ಸ್ ಹಾಕುತ್ತಿದ್ದ ಎತ್ತರದ ಟೋಪಿಯಂಥ ದುಪಟಾವನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ.

ಜಮೀನಿನ ಕಾಗದವನ್ನೂ ನೋಡಿ. ಯುದ್ಧದಿಂದ ಬಂದ ಹಲವರಿಗೆ ಸರ್ಕಾರ ಜಮೀನು ಕೊಟ್ಟಿತ್ತು. ‘ಮಿಲಿಟ್ರಿಯವರಿಗೆ ಕೊಟ್ಟ ಹೊಲ’ ಅಂತ ಊರಲ್ಲಿ ಈಗಲೂ ಹೇಳುವ ಜಾಗ ಇದ್ದರೆ, ಅದರ ಮಂಜೂರಾತಿ ಕಡತ ತಾಲ್ಲೂಕು ಕಚೇರಿಯಲ್ಲಿ ಇರಬಹುದು. ಜೊತೆಗೆ ಹೆಳವರು. ಎತ್ತು, ಗಂಟೆ ಸಮೇತ ಮನೆ ಬಾಗಿಲಿಗೆ ಬಂದು ವಂಶದ ಹೆಸರುಗಳನ್ನು ಸಾಲಾಗಿ ಹೇಳುವವರು. ಅವರು ಬಂದಾಗ ಸುಮ್ನೆ ಕಾಳು ಕೊಟ್ಟು ಕಳಿಸಬೇಡಿ. ಕೂರಿಸಿ, ಕೇಳಿ, ಒಪ್ಪಿದರೆ ರೆಕಾರ್ಡ್ ಮಾಡಿಕೊಳ್ಳಿ. ವಂಶವೃಕ್ಷದಲ್ಲಿ ಬಿಟ್ಟುಹೋದ ಹೆಸರು ಅವರ ಪುಸ್ತಕದಲ್ಲಿ ಇರಬಹುದು. ಕೊಡಗಿನವರಿಗೆ ಈ ಕೆಲಸ ಸ್ವಲ್ಪ ಸುಲಭ. ಒಕ್ಕದ, ಅಂದರೆ ಮನೆತನದ ಹೆಸರು ಪ್ರತಿಯೊಬ್ಬರ ಜೊತೆಗೂ ಇರುತ್ತದೆ, ಐನ್‌ಮನೆ ಅನ್ನುವ ಮನೆತನದ ಮೂಲಮನೆಯೂ ಇದೆ.

ಹೆಸರು ಒಂದು, ಕಾಗುಣಿತ ಹತ್ತು

ನಂಬರ್ ಸಿಗಲಿಲ್ಲ ಅನ್ನಿ. ಆಗ ಹೆಸರಿನಿಂದಲೇ ಹೋಗಬೇಕು. ನಮ್ಮವರ ಹೆಸರನ್ನು ಬರೆದುಕೊಂಡವರು ಕನ್ನಡ ಬಾರದ ಗುಮಾಸ್ತರು. ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದರು. ಚೌಡಪ್ಪ ಎಂಬ ಹೆಸರಿನ ‘ಔ’ಗೆ ಎ-ಯು, ಒ-ಯು, ಒ-ಡಬ್ಲ್ಯೂ ಮೂರೂ ಬರಬಹುದು. ಮುನಿಯಪ್ಪನ ‘ಮು’ಗೆ ಯು ಬದಲು ಎರಡು ಒ ಇರಬಹುದು. ಕೊನೆಯ ‘ಅಪ್ಪ’ದಲ್ಲಿ ಒಂದು ಪಿ ಬಿಟ್ಟಿರಬಹುದು. ಹತ್ತು ರೀತಿ ಬರೆದು ಹತ್ತು ಸಲ ಹುಡುಕಿ.

ಊರಿನ ಹೆಸರಿನದೂ ಇದೇ ಪಾಡು. ದಾಖಲೆಯಲ್ಲಿ ರಾಮನಗರ ಇರುವುದಿಲ್ಲ, ಕ್ಲೋಸ್‌ಪೇಟೆ ಇರುತ್ತದೆ. ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್, ಕುಶಾಲನಗರಕ್ಕೆ ಫ್ರೇಜರ್‌ಪೇಟೆ, ಮಡಿಕೇರಿಗೆ ಮರ್ಕೆರಾ, ಕೆ.ಆರ್. ನಗರಕ್ಕೆ ಯೆಡತೊರೆ, ಚಿತ್ರದುರ್ಗಕ್ಕೆ ಚಿತಲ್‌ದ್ರುಗ್. ಪಲ್ಟನ್ನುಗಳೂ ಹೆಸರು ಬದಲಿಸಿವೆ. 1903ರಲ್ಲಿ ಒಮ್ಮೆ, 1922ರಲ್ಲಿ ಇನ್ನೊಮ್ಮೆ ಎಲ್ಲಕ್ಕೂ ಹೊಸ ನಂಬರ್ ಹಾಕಿದರು. ಹಾಗಾಗಿ ಅಜ್ಜ ಹೇಳಿದ ಪಲ್ಟನ್ ನಂಬರ್ ಈಗಿನ ಪಟ್ಟಿಯಲ್ಲಿ ಇಲ್ಲ ಅಂದರೆ ಅಜ್ಜ ತಪ್ಪು ಹೇಳಿದರು ಅಂತಲ್ಲ.

ಸತ್ತವರ ಪಟ್ಟಿ

ಈಗ ದೊಡ್ಡ ಬಾಗಿಲಿಗೆ ಬಂದೆವು. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ 1917ರಲ್ಲಿ ಶುರುವಾದ ಸಂಸ್ಥೆ. ಎರಡೂ ಮಹಾಯುದ್ಧಗಳಲ್ಲಿ ಸತ್ತ ಸುಮಾರು 17 ಲಕ್ಷ ಜನರ ಹೆಸರು ಅದರ ವೆಬ್‌ಸೈಟಿನಲ್ಲಿದೆ. ಹುಡುಕಲು ದುಡ್ಡು ಕೊಡಬೇಕಿಲ್ಲ. 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರವರೆಗೆ, ಆಮೇಲೆ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರವರೆಗೆ ಸೇವೆಯಲ್ಲಿದ್ದು ಸತ್ತವರು ಇದರಲ್ಲಿ ಬರುತ್ತಾರೆ. ಗುಂಡು ತಗುಲಿಯೇ ಸತ್ತಿರಬೇಕು ಅಂತಿಲ್ಲ. ಜ್ವರ, ಬೇಧಿಯಿಂದ ಸತ್ತವರೂ ಇದ್ದಾರೆ.

ಹುಡುಕುವಾಗ ಒಂದು ಕಿವಿಮಾತು. ನಮ್ಮವರಿಗೆ ಸರ್‌ನೇಮ್ ಇರಲಿಲ್ಲ. ಹಾಗಾಗಿ ಅವರ ಒಂದೇ ಹೆಸರನ್ನು ಸರ್‌ನೇಮ್ ಜಾಗದಲ್ಲಿ ತುಂಬಿದ್ದಾರೆ. ನೀವೂ ಅಲ್ಲೇ ಹಾಕಿ. ಯಾವ ದೇಶದ ಸೇನೆಯಲ್ಲಿದ್ದರು ಎಂಬಲ್ಲಿ ಇಂಡಿಯಾ ಅಂತ ಆರಿಸಿ. ಹೆಚ್ಚುವರಿ ಮಾಹಿತಿ ಎಂಬ ಜಾಗದಲ್ಲಿ ಹೆಸರಿನ ಬದಲು ತಾಲ್ಲೂಕಿನ ಹಳೆಯ ಹೆಸರು ಹಾಕಿ ನೋಡಿ. ಒಂದೇ ಸೀಮೆಯ ಹಲವರು ಒಟ್ಟಿಗೆ ಸಿಗುವುದುಂಟು.

ಸಿಕ್ಕ ನಮೂದನ್ನು ನಿಧಾನವಾಗಿ ಓದಿ. ಎರಡನೇ ಯುದ್ಧದವರ ನಮೂದುಗಳಲ್ಲಿ ಎಷ್ಟೋ ಕಡೆ ತಂದೆಯ ಹೆಸರು, ತಾಯಿಯ ಹೆಸರು, ಹೆಂಡತಿಯ ಹೆಸರು, ಊರು ಎಲ್ಲಾ ಇರುತ್ತವೆ. ಮುತ್ತಜ್ಜಿಯ ಹೆಸರು ಗೊತ್ತಿರುವ ಮನೆಗಳು ನಮ್ಮಲ್ಲಿ ಎಷ್ಟಿವೆ ಹೇಳಿ? ಮಗನನ್ನು ಕಳೆದುಕೊಂಡ ತಾಯಿಯ ಹೆಸರು ದೂರದ ದೇಶದ ದಾಖಲೆಯಲ್ಲಿ ಉಳಿದಿರುತ್ತದೆ. ಇದನ್ನು ಯೋಚಿಸಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಸಮಾಧಿ ಇಲ್ಲದಿದ್ದರೆ ಬೇಸರ ಬೇಡ. ಹಿಂದೂಗಳನ್ನು, ಸಿಖ್ಖರನ್ನು ಸುಡುವ ಪದ್ಧತಿ ಇದ್ದುದರಿಂದ ಹೆಸರು ಸಮಾಧಿಯ ಮೇಲಲ್ಲ, ಸ್ಮಾರಕದ ಗೋಡೆಯ ಮೇಲೆ ಇರುತ್ತದೆ. ಫ್ರಾನ್ಸಿನ ನ್ಯೂ ಶಾಪೆಲ್ ಸ್ಮಾರಕದಲ್ಲಿ ಸಮಾಧಿ ಗೊತ್ತಿಲ್ಲದ 4,700ಕ್ಕೂ ಹೆಚ್ಚು ಭಾರತೀಯರ ಹೆಸರಿದೆ.

ಆದರೆ ಇರಾಕಿನಲ್ಲಿ ಸತ್ತವರಿಗೆ ಅನ್ಯಾಯ ಆಯಿತು. ಬಸ್ರಾ ಸ್ಮಾರಕದಲ್ಲಿ ಬ್ರಿಟಿಷ್ ಸೈನಿಕರ ಹೆಸರು ಒಂದೊಂದಾಗಿ ಕೆತ್ತಿದರು. ಭಾರತೀಯ ಅಧಿಕಾರಿಗಳ ಹೆಸರನ್ನೂ ಕೆತ್ತಿದರು. ಸಾಮಾನ್ಯ ಭಾರತೀಯ ಸಿಪಾಯಿಗಳದ್ದು ಮಾತ್ರ ಪಲ್ಟನ್ ಹೆಸರು, ಪಕ್ಕದಲ್ಲಿ ಇಷ್ಟು ಜನ ಎಂಬ ಲೆಕ್ಕ. ಮತ್ತೆ ಅದೇ, ಸಂಖ್ಯೆ ಇದೆ ಹೆಸರಿಲ್ಲ. 2021ರಲ್ಲಿ ವಾರ್ ಗ್ರೇವ್ಸ್ ಕಮಿಷನ್ ತಾನೇ ತನಿಖೆ ಮಾಡಿಸಿ ಒಪ್ಪಿಕೊಂಡಿತು. ಹೆಚ್ಚಾಗಿ ಪೂರ್ವ ಆಫ್ರಿಕಾ, ಈಜಿಪ್ಟಿನ, ಜೊತೆಗೆ ಬೇರೆ ಕಡೆಗಳ ಕನಿಷ್ಠ 1,16,000 ಜನರನ್ನು, ಬಹುಶಃ ಮೂರೂವರೆ ಲಕ್ಷದವರೆಗೂ, ಹೆಸರಿನಿಂದ ನೆನೆದಿಲ್ಲ, ಅಥವಾ ನೆನೆದೇ ಇಲ್ಲ ಅಂತ ಹೇಳಿ ಕ್ಷಮೆ ಕೇಳಿತು. ನಿಮ್ಮವರ ಹೆಸರು ಸಿಗದಿದ್ದರೆ ಅದಕ್ಕೆ ಕಾರಣ ಇದೂ ಆಗಿರಬಹುದು. ಅಂಥ ಮನೆಯಲ್ಲಿ ಪದಕವೋ ಪಿಂಚಣಿ ಕಾಗದವೋ ಇದ್ದರೆ ಅದರ ಬೆಲೆ ಜಾಸ್ತಿ. ಬಿಟ್ಟುಹೋದ ಹೆಸರು ಸೇರಿಸಿ ಅಂತ ಆ ಸಂಸ್ಥೆಗೆ ಬರೆಯಬಹುದು. ಬರೆಯುವಾಗ ಅದೇ ಪುರಾವೆ.

ವಾಪಸ್ ಬಂದವರ ಪಟ್ಟಿ ಇಲ್ಲ

ಇದು ಹೆಚ್ಚು ಜನ ಗಮನಿಸದ ವಿಷಯ. ಮೇಲೆ ಹೇಳಿದ್ದೆಲ್ಲ ಸತ್ತವರ ಪಟ್ಟಿ. ಬದುಕಿ ಬಂದವರೇ ಜಾಸ್ತಿ, ಅಲ್ವಾ? ಅವರಿಗೆ ಹಾಗೆ ಒಂದೇ ಪಟ್ಟಿ ಇಲ್ಲ. ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಮೊದಲ ಯುದ್ಧದ ಪದಕ ಪಡೆದವರ ಕಾರ್ಡುಗಳಿವೆ, ಅದರಲ್ಲಿ ಕೆಲವು ಭಾರತೀಯರೂ ಇದ್ದಾರೆ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಅಧಿಕಾರಿಗಳ ವಿವರ ಚೆನ್ನಾಗಿ ಸಿಗುತ್ತದೆ, ಸಿಪಾಯಿಗಳದ್ದು ಕಡಿಮೆ. ಸಿಪಾಯಿಗಳ ಸೇವಾ ದಾಖಲೆ ಇದ್ದುದು ಪಲ್ಟನ್ನುಗಳ ಹತ್ತಿರ. ಹಾಗಾಗಿ ಎರಡನೇ ಯುದ್ಧದವರಾದರೆ ನಂಬರ್ ಹಾಕಿ ಆಯಾ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಬರೆಯಿರಿ. ಮದ್ರಾಸ್ ಸ್ಯಾಪರ್ಸ್ ಆದರೆ ಬೆಂಗಳೂರಿನ ಹಲಸೂರು ಕೆರೆ ಹತ್ತಿರ, ಮರಾಠಾ ಆದರೆ ಬೆಳಗಾವಿ, ಮದ್ರಾಸ್ ರೆಜಿಮೆಂಟ್ ಆದರೆ ತಮಿಳುನಾಡಿನ ವೆಲ್ಲಿಂಗ್ಟನ್. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲೂ ವಿಚಾರಿಸಿ.

ಪಲ್ಟನ್ ಗೊತ್ತಾದ ಮೇಲೆ ‘ವಾರ್ ಡೈರಿ’ ಕೇಳಿ. ಪ್ರತಿ ತುಕಡಿಯೂ ದಿನದಿನ ಬರೆದ ವರದಿ ಅದು. ಸಿಪಾಯಿಯ ಹೆಸರು ಅದರಲ್ಲಿ ಬರುವುದು ಅಪರೂಪ. ಆದರೆ ಆ ದಿನ ಮಳೆ ಬಂತೇ, ಎಷ್ಟು ಮೈಲಿ ನಡೆದರು, ನೀರು ಸಿಕ್ಕಿತೇ ಅನ್ನುವುದೆಲ್ಲ ಇರುತ್ತದೆ. ಅಜ್ಜ ಹೇಳಿದ ಕಥೆಯನ್ನು ಇದರ ಪಕ್ಕ ಇಟ್ಟು ನೋಡಿ. ಕೆಲವು ಕೂಡುತ್ತವೆ, ಕೆಲವು ಕೂಡುವುದಿಲ್ಲ. ಕೂಡದಿದ್ದರೆ ಅದನ್ನೂ ಬರೆದಿಡಿ. ನಮ್ಮವರು ಅಂತ ಇಲ್ಲದ ಪರಾಕ್ರಮ ಸೇರಿಸುವುದು ಬೇಡ. ಅವರು ಹೋಗಿದ್ದೇ ದೊಡ್ಡದು.

ಕೆಲವರು ಬಂದ ಮೇಲೂ ಬಾಯಿ ಬಿಡಲಿಲ್ಲ. ಮೈಸೂರು ಸಂಸ್ಥಾನದ ಕಾಲಾಳು ಪಡೆ ಸಿಂಗಪುರದಲ್ಲಿತ್ತು. 1942ರ ಫೆಬ್ರವರಿ 15ರಂದು ಸಿಂಗಪುರ ಬಿದ್ದಾಗ ಅಲ್ಲಿನ ಸಾವಿರಾರು ಭಾರತೀಯ ಸೈನಿಕರು ಜಪಾನೀಯರ ಸೆರೆಯಾದರು. ಕೆಲವರು ಆಜಾದ್ ಹಿಂದ್ ಫೌಜ್ ಸೇರಿದರು. ಸೇರದವರಲ್ಲಿ ಹಲವರನ್ನು ನ್ಯೂಗಿನಿಯಂಥ ದ್ವೀಪಗಳಿಗೆ ಕೂಲಿಗೆ ಸಾಗಿಸಿದರು. ಎರಡೂ ಕಡೆಯವರ ಮನೆಗಳಲ್ಲಿ ಆಮೇಲೆ ಮೌನವೇ ಇತ್ತು. ಫೌಜಿಗೆ ಸಂಬಂಧಿಸಿದ ಕಾಗದಗಳು ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದಲ್ಲಿವೆ. ಅದರ ‘ಅಭಿಲೇಖ್ ಪಟಲ್’ ಪೋರ್ಟಲಿನಲ್ಲಿ ಮನೆಯಿಂದಲೇ ಹುಡುಕಬಹುದು.

ಸ್ವಾತಂತ್ರ್ಯದ ನಂತರ ಮಡಿದವರದು ಇಷ್ಟು ಕಷ್ಟ ಇಲ್ಲ. 2019ರಲ್ಲಿ ದೆಹಲಿಯಲ್ಲಿ ತೆರೆದ ರಾಷ್ಟ್ರೀಯ ಯುದ್ಧ ಸ್ಮಾರಕದ ಗೋಡೆಗಳಲ್ಲಿ ಸುಮಾರು 26 ಸಾವಿರ ಹೆಸರಿದೆ. ಆದರೂ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರನ್ನು ನೆನೆಯಬೇಕು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದವರು ಮರಳಲಿಲ್ಲ. ಏನಾಯಿತು ಅಂತ ಇಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಹಳೆಯ ಮಿಸ್ಟೇರ್ ವಿಮಾನದಲ್ಲಿದ್ದ ಅವರು, ಅದಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನಿ ಸ್ಟಾರ್‌ಫೈಟರ್ ವಿಮಾನ ಒಂದನ್ನು ಹೊಡೆದುರುಳಿಸಿದ್ದರು ಅನ್ನುವುದು ಬೆಳಕಿಗೆ ಬಂದದ್ದು ವರ್ಷಗಳ ಮೇಲೆ, ಪಾಕಿಸ್ತಾನದ ಕಡೆಯ ವಿವರ ಇಟ್ಟುಕೊಂಡು ಬ್ರಿಟಿಷ್ ಲೇಖಕರೊಬ್ಬರು ಬರೆದಾಗ. 1988ರಲ್ಲಿ, ಅಂದರೆ 23 ವರ್ಷದ ನಂತರ, ಮಹಾವೀರ ಚಕ್ರ ಬಂತು. ನಮ್ಮವರ ಕೊನೆಯ ಗಳಿಗೆಯನ್ನು ಕಂಡವರು ಎದುರು ಪಾಳಯದವರು ಮಾತ್ರ ಆಗಿರಬಹುದು. ಕುಟ್‌ನಲ್ಲಿ ಸೆರೆ ಸಿಕ್ಕವರದ್ದಾಗಲಿ, ಸಿಂಗಪುರದಲ್ಲಿ ಸಿಕ್ಕವರದ್ದಾಗಲಿ ಹುಡುಕುವಾಗ ಇದು ನೆನಪಿರಲಿ.

ತಾರೀಕು ಸಿಕ್ಕ ಮೇಲೆ

ಸಾವಿನ ತಾರೀಕು ಸಿಕ್ಕರೆ ವಂಶವೃಕ್ಷದ ನಕಲಿನಲ್ಲಿ ಬರೆದಿಡಿ. ನಂಬರ್, ಪಲ್ಟನ್, ಸ್ಮಾರಕದ ಹೆಸರು, ಹೆಸರು ಕೆತ್ತಿದ ಫಲಕದ ಸಂಖ್ಯೆ, ಇವೆಲ್ಲವನ್ನೂ ಜೊತೆಗೆ ಬರೆಯಿರಿ. ಒಂದು ಪ್ರತಿ ದಾಯಾದಿಗಳ ಮನೆಗೂ ಕೊಡಿ, ಮಾತುಕತೆ ಇಲ್ಲದಿದ್ದರೂ ಕೊಡಿ.

ಇನ್ನೊಂದು ಕೆಲಸವೂ ಇದೆ. ಯಾವಾಗ ಸತ್ತರು ಅಂತಲೇ ಗೊತ್ತಿಲ್ಲದವರಿಗೆ ನಮ್ಮಲ್ಲಿ ಮಹಾಲಯ ಅಮಾವಾಸ್ಯೆಯ ದಿನ, ಹಿರಿಯರೆಲ್ಲರ ಜೊತೆ ಸೇರಿಸಿ ಎಡೆ ಇಡುತ್ತಾರೆ. ಮಿಲಿಟ್ರಿಗೆ ಹೋಗಿ ಬಾರದವರಿಗೆ ಎಷ್ಟೋ ಮನೆಗಳಲ್ಲಿ ನಡೆಯುವುದು ಇದೇ. ಈಗ ತಾರೀಕು ಗೊತ್ತಾದರೆ ಹಳೆಯ ಪಂಚಾಂಗದಲ್ಲಿ ಆ ದಿನದ ತಿಥಿ ನೋಡಿಸಬಹುದು. ಆಗ ಅವರಿಗೆ ಅವರದ್ದೇ ಆದ ಒಂದು ದಿನ ಸಿಗುತ್ತದೆ.

ಮೈಸೂರು ಲ್ಯಾನ್ಸರ್ಸ್ ಮನೆಯವರಿಗೆ ಒಂದು ವಿಷಯ ಹೇಳಬೇಕು. ಹೈಫಾ ಕಾಳಗ ನಡೆದ 1918ರ ಸೆಪ್ಟೆಂಬರ್ 23 ಬಂದದ್ದು ಭಾದ್ರಪದ ಬಹುಳದಲ್ಲಿ, ಹುಣ್ಣಿಮೆ ಕಳೆದು ಮೂರು ದಿನಕ್ಕೆ. ಅದು ಪಿತೃಪಕ್ಷ. ಇಲ್ಲಿ ಊರಿನ ಮನೆಗಳಲ್ಲಿ ಹಿರಿಯರಿಗೆ ಎಡೆ ಇಡುತ್ತಿದ್ದ ದಿನಗಳಲ್ಲೇ ಅವರು ಅಲ್ಲಿ ಕುದುರೆ ಏರಿದ್ದರು.